ಸಾಮಾನು ಕೋಣೆಯ ಓಪಲ್ ಆರ್ಗ್ಯಾನಿಕ್ ಪಾಠಕ್ಕೆ ಕೂತದ್ದು

ಓಪಲ್ ಹ್ಯಾಚರ್ ಇಪ್ಪತ್ತೊಂಬತ್ತು ವರ್ಷಗಳಿಂದ ಕಾಲೇಜು ಹುಡುಗ ಹುಡುಗಿಯರ ಕಣ್ಣೀರು ಕಂಡವಳು. ಒಂದು ಹನಿಯನ್ನೂ ನಂಬಿದವಳಲ್ಲ. ವೆಸ್ಟ್ ವರ್ಜೀನಿಯಾದ ಬೆಟ್ಟಗಳ ಸಂದಿಯಲ್ಲಿದ್ದ ಆ ಸಣ್ಣ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಸಾಮಾನು ಕೋಣೆ ಅವಳದು. ಅರ್ಧಬಾಗಿಲಿನ ಮೇಲೆ ಮೊಣಕೈ ಊರಿ ನಿಂತು ಬೀಕರು, ಬ್ಯೂರೆಟ್ಟು, ಪ್ರಯೋಗಶಾಲೆಯ ಕನ್ನಡಕ ಎಲ್ಲವನ್ನೂ ಕೊಡುವುದು, ವಾಪಸ್ ಬಂದದ್ದನ್ನು ಬೆಳಕಿಗೆ ಹಿಡಿದು ಬಿರುಕು ನೋಡಿ ಬೈಯುವುದು, ಇದು ಅವಳ ಕೆಲಸ. ಬೈಯುವುದು ಕೆಲಸದ ಪಟ್ಟಿಯಲ್ಲಿರಲಿಲ್ಲ. ಅದನ್ನು ಅವಳು ಪುಕ್ಕಟೆಯಾಗಿ ಮಾಡುತ್ತಿದ್ದಳು.

ಡಾಕ್ಟರಾಗುವ ಆಸೆ ಹೊತ್ತು ಬಂದವರನ್ನು ಓಪಲ್ ದೂರದಿಂದಲೇ ಗುರುತು ಹಿಡಿಯುತ್ತಿದ್ದಳು. ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟುವ ಮೊದಲು ಅವರು ಇಲ್ಲಿ ನಾಲ್ಕು ವರ್ಷ ಓದಬೇಕು, ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲದರಲ್ಲೂ ಒಳ್ಳೆಯ ದರ್ಜೆ ಪಡೆಯಬೇಕು. ಎಲ್ಲಕ್ಕಿಂತ ದೊಡ್ಡ ಗಂಡಾಂತರ ಎರಡನೇ ವರ್ಷದ ಆರ್ಗ್ಯಾನಿಕ್ ಪಾಠ, ಅಂದರೆ ಸಾವಯವ ರಸಾಯನಶಾಸ್ತ್ರ. ಸೆಪ್ಟೆಂಬರಿನಲ್ಲಿ ಅರವತ್ತು ಜನ ಸೇರಿದರೆ, ನವೆಂಬರಿನಲ್ಲಿ ಟರ್ಕಿ ಕೋಳಿಯ ಹಬ್ಬ ಬರುವ ಹೊತ್ತಿಗೆ ಮೂವತ್ತು ಜನ ಉಳಿಯುತ್ತಿದ್ದರು. ಯಾರು ಯಾವಾಗ ಬಿಟ್ಟುಹೋಗುತ್ತಾರೆಂದು ಓಪಲ್ ಮತ್ತು ಕಸಗುಡಿಸುವ ಎಲ್ವುಡ್ ಪ್ರತಿ ವರ್ಷ ಪಂಥ ಕಟ್ಟುತ್ತಿದ್ದರು. ಗೆದ್ದವರಿಗೆ ಪೆಪರೋನಿ ರೋಲು, ಮಾಂಸ ತುಂಬಿದ ಬನ್ನು. ಎಲ್ವುಡ್ ಇಪ್ಪತ್ತು ವರ್ಷದಲ್ಲಿ ಎರಡು ಸಲ ಗೆದ್ದಿದ್ದ.

ಅತ್ತುಕೊಂಡು ಬಂದವರಿಗೆ ಅವಳು ಹೇಳುತ್ತಿದ್ದ ಮಾತು ಒಂದೇ: "ಅಳೋದಾದ್ರೆ ಸಿಂಕ್ ಹತ್ರ ಹೋಗಿ ಅಳು ಪುಟ್ಟಾ. ಇಲ್ಲಿ ತೊಳೆದಿಟ್ಟಿರೋ ಗಾಜಿದೆ."

ಹೀಗೆ ಹೇಳಿಸಿಕೊಂಡವರು ಮೂಗು ಒರೆಸಿಕೊಂಡು ಹೋಗುವುದು ವಾಡಿಕೆ. ಆ ವರ್ಷದ ವಸಂತದಲ್ಲಿ ಕೆಜಾಯಾ ಬಾಗ್ಸ್ ಮಾತ್ರ ಹೋಗಲಿಲ್ಲ. ಸ್ಕೂಲ್ ಬಸ್ಸು ಓಡಿಸುವವನ ಮಗಳು. ಗಂಟಲು ಬಸ್ಸಿನ ಹಾರನ್ನಿನದೇ. ಆರ್ಗ್ಯಾನಿಕ್ ಪಾಠವನ್ನು ಒಮ್ಮೆ ನಡುವೆಯೇ ಬಿಟ್ಟು, ಸೆಪ್ಟೆಂಬರಿನಲ್ಲಿ ಮತ್ತೆ ಮೊದಲಿಂದ ಕೂರಬೇಕಾಗಿತ್ತು.

"ಮಿಸ್ ಓಪಲ್, ನೀವು ಬಾಟಲಿ ತೊಳೀತೀರಿ. ಬಾಟಲಿ ಒಳಗೆ ಏನಾಗುತ್ತೆ ಅಂತ ಒಂದಿನ ಪರೀಕ್ಷೆ ಬರೆದು ನೋಡಿ. ಆಮೇಲೆ ಸಿಂಕ್ ಹತ್ರ ಯಾರು ಅಳ್ತಾರೆ ನೋಡೋಣ."

ಕೆಜಾಯಾಳ ಹಿಂದೆ ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಎಲ್ವುಡ್ ಪೊರಕೆ ನಿಲ್ಲಿಸಿದ. ಓಪಲ್ ನಿಧಾನವಾಗಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

"ಇಷ್ಟು ವರ್ಷದಲ್ಲಿ ನಾನು ಕಾಣದೇ ಇರೋ ರಾಸಾಯನಿಕ ಇಲ್ಲ ಮಗಾ. ಮುಚ್ಚಳ ತೆಗೀದೇನೇ ವಾಸನೆ ಹೇಳ್ತೀನಿ."

"ಪರೀಕ್ಷೇಲಿ ವಾಸನೆ ಕೇಳಲ್ಲ," ಎಂದಳು ಕೆಜಾಯಾ.

ಅದು ನಾಟಿತು. ಕಾಲೇಜಿನ ನೌಕರರು ವರ್ಷಕ್ಕೊಂದು ಪಾಠಕ್ಕೆ ಶುಲ್ಕವಿಲ್ಲದೆ ಕೂರಬಹುದೆಂಬ ನಿಯಮವಿತ್ತು. ಆರ್ಗ್ಯಾನಿಕ್ ಸೇರಲು ಬೇಕಾದ ಮೊದಲ ವರ್ಷದ ರಸಾಯನಶಾಸ್ತ್ರವನ್ನು ಅವಳು ಮದುವೆಯಾದ ಹೊಸತರಲ್ಲಿ ಮುಗಿಸಿದ್ದಳು; ಪುಣ್ಯಕ್ಕೆ ಅದಕ್ಕೆ ಅವಧಿ ಮೀರುವುದೆಂಬುದಿರಲಿಲ್ಲ. ಬೇಕಾಗಿದ್ದುದು ಪಾಠ ಹೇಳುವ ಡಾಕ್ಟರ್ ಲೀಲಂಡ್ ವಾಸ್ಲರ್ ಅವರ ಸಹಿ. ಅವರೋ ಕಾಗದ ಓದಿ ಸಹಿ ಹಾಕುವ ಮನುಷ್ಯರಲ್ಲ. ಒಡೆದ ಥರ್ಮಾಮೀಟರುಗಳ ಪಟ್ಟಿಗೂ ಕೈಗವಸಿನ ಬೇಡಿಕೆ ಪತ್ರಕ್ಕೂ ನಡುವೆ ಓಪಲ್ ತನ್ನ ಅರ್ಜಿಯನ್ನು ತುರುಕಿದಳು. ಮೂರಕ್ಕೂ ಸಹಿ ಬಿತ್ತು.

ಸೆಪ್ಟೆಂಬರಿನ ಮೊದಲ ತರಗತಿಯಲ್ಲಿ ಹಾಜರಿ ಕೂಗುತ್ತ ಬಂದ ವಾಸ್ಲರ್ 'ಎಚ್' ಅಕ್ಷರದಲ್ಲಿ ಎಡವಿದರು.

"ಹ್ಯಾಚರ್... ಓಪಲ್?"

"ಇದ್ದೀನಿ ಸರ್," ಎಂದಳು ಓಪಲ್, ಮೊದಲ ಬೆಂಚಿನಿಂದ. ಹೊಸ ನೋಟ್‌ಬುಕ್ಕು, ನಾಲ್ಕು ಬಣ್ಣದ ಪೆನ್ನು.

"ಇದೇನಿದು ನಿಂದು? ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು?"

"ನೀವೇ. ಸಹಿ ಚೆನ್ನಾಗಿ ಬಿದ್ದಿದೆ."

ಅರವತ್ತು ಜನ ನಕ್ಕರು. ಕೆಜಾಯಾ ಹಿಂದಿನ ಬೆಂಚಿನಲ್ಲಿ ಶಿಳ್ಳೆ ಹೊಡೆದಳು.

ನಗು ಮೂರು ವಾರ ಬಾಳಿತು. ಓಪಲ್‌ಗೆ ಪದಾರ್ಥಗಳ ಹೆಸರು ಗೊತ್ತು, ಬಣ್ಣ ಗೊತ್ತು, ಯಾವುದು ಯಾವ ಬೀರುವಿನಲ್ಲಿದೆ, ಯಾವುದರ ಪಕ್ಕ ಯಾವುದನ್ನು ಇಟ್ಟರೆ ಬೆಂಕಿ ಹತ್ತುತ್ತದೆ ಎಲ್ಲಾ ಗೊತ್ತು. ವಾಸ್ಲರ್‌ಗೆ ಅದು ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದುದು ಬಾಣ. ಎಲೆಕ್ಟ್ರಾನು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಡೊಂಕು ಬಾಣ ಎಳೆದು ತೋರಿಸಬೇಕು. ಒಂದು ಬಾಣ ತಪ್ಪಿದರೆ ಮುಂದಿನ ಆರೂ ದಾರಿ ತಪ್ಪಿದವು. ಬಾಯಿಪಾಠ ಮಾಡೋಣವೆಂದರೆ ಪುಸ್ತಕದಲ್ಲಿದ್ದ ಲೆಕ್ಕ ಪರೀಕ್ಷೆಯಲ್ಲಿ ಬರುವುದಿಲ್ಲ. ಅದರ ದಾಯಾದಿ ಬರುತ್ತದೆ, ಅದೂ ತಲೆಕೆಳಗಾಗಿ.

ಮೊದಲ ಪರೀಕ್ಷೆಯ ನಾಲ್ಕನೇ ಪ್ರಶ್ನೆ, ಈ ಎರಡು ಪದಾರ್ಥ ಸೇರಿದರೆ ಇದೇ ಏಕೆ ಹುಟ್ಟುತ್ತದೆ ಎಂದಿತ್ತು. ಓಪಲ್ ಇಪ್ಪತ್ತು ನಿಮಿಷ ಪೆನ್ನಿನ ತುದಿ ಕಚ್ಚಿ, ಕೊನೆಗೆ "ಬಾಟಲಿಯ ಮೇಲೆ ಹಾಗೆಂದು ಬರೆದಿದೆ" ಎಂದು ಬರೆದಳು. ಕಾಗದ ವಾಪಸ್ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಿತ್ತು: "ಬಾಟಲಿಗೆ ಪೂರ್ಣ ಅಂಕ. ನಿನಗೆ ಸೊನ್ನೆ." ಒಟ್ಟು ನೂರಕ್ಕೆ ಇಪ್ಪತ್ತಮೂರು.

ಅವತ್ತು ಮಧ್ಯಾಹ್ನ ಸಾಮಾನು ಕೋಣೆಯ ಅರ್ಧಬಾಗಿಲಿನ ಮೇಲರ್ಧವೂ ಮುಚ್ಚಿತ್ತು. ಎಲ್ವುಡ್ ಹೊರಗಿನಿಂದ ತಟ್ಟಿದ.

"ಓಪಲ್, ಅಳ್ತಿದ್ದೀಯೇನೇ?"

"ಇಲ್ಲ ಕಣೋ. ಗಾಜು ತೊಳೀತಿದ್ದೀನಿ."

"ನಲ್ಲಿ ಸದ್ದೇ ಇಲ್ವಲ್ಲ?"

"ಹೋಗೋ ಆಚೆ!"

ಅವನು ಹೋಗಲಿಲ್ಲ. ಕೆಜಾಯಾಳನ್ನು ಕರೆತಂದ. ಅವಳು ಬಾಗಿಲ ಸಂದಿಯಿಂದ ತನ್ನ ಕಾಗದವನ್ನು ಒಳಗೆ ತಳ್ಳಿದಳು. ಮೂವತ್ತೊಂದು. ಎರಡನೇ ಸಲ ಕೂತವಳಿಗೆ ಮೂವತ್ತೊಂದು.

ಓಪಲ್ ಬಾಗಿಲು ತೆರೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗೆದ್ದೆ ಎನ್ನಲು ಕೆಜಾಯಾಳಿಗೆ ಹಕ್ಕಿತ್ತು. ಅವಳು ಹಾಗನ್ನಲಿಲ್ಲ.

"ಸಿಂಕ್ ಖಾಲಿ ಇದೆಯಾ, ಮಿಸ್ ಓಪಲ್?"

"ಒಂದೇ ಇದೆ. ಸರದಿ ಮೇಲೆ ಅಳೋಣ ಬಾ."

ಅಲ್ಲಿಂದ ಮುಂದೆ ಊಟದ ಹೊತ್ತಿನಲ್ಲಿ ಇಬ್ಬರೂ ಸಾಮಾನು ಕೋಣೆಯ ಮೂಲೆಯಲ್ಲಿ ಕೂರತೊಡಗಿದರು. ಓಪಲ್ ಮನೆಯಿಂದ ಬೀನ್ಸ್ ಕಾಳಿನ ಸಾರು, ಮೆಕ್ಕೆಜೋಳದ ಬ್ರೆಡ್ಡು ತರುತ್ತಿದ್ದಳು. ಕೆಜಾಯಾ ಬಾಣ ತರುತ್ತಿದ್ದಳು. ಅಣುಗಳಲ್ಲೂ ಎಡಗೈ ಬಲಗೈ ಉಂಟು, ಕನ್ನಡಿಯಲ್ಲಿ ಒಂದೇ ಥರ ಕಂಡರೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎಂಬ ಪಾಠ ಬಂದಾಗ ಮಾತ್ರ ಹುಡುಗಿ ತಲೆಮೇಲೆ ಕೈಹೊತ್ತಳು. ಓಪಲ್ ಎದ್ದು ಹೋಗಿ ಹಳೆಯ ಪೆಟ್ಟಿಗೆಯೊಂದನ್ನು ಎಳೆದು ತಂದಳು. ಹಿಂದೊಮ್ಮೆ ಯಾರದೋ ತಪ್ಪಿನಿಂದ ಬಂದ ದಪ್ಪ ರಬ್ಬರ್ ಕೈಗವಸು, ಅಷ್ಟೂ ಎಡಗೈಯವೇ.

"ತಗೋ, ಬಲಗೈಗೆ ಹಾಕ್ಕೋ."

ಕೆಜಾಯಾ ಹಾಕಿಕೊಳ್ಳಲು ಹೋಗಿ, ಹೆಬ್ಬೆರಳು ಸಿಕ್ಕಿಕೊಂಡು, ಗವಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ "ಓಹೋ!" ಎಂದು ಕೂಗಿದ ಕೂಗಿಗೆ ಪಕ್ಕದ ಪ್ರಯೋಗಶಾಲೆಯಲ್ಲಿ ಯಾರೋ ಫ್ಲಾಸ್ಕು ಬೀಳಿಸಿದರು. ಮರುವಾರದ ಹೊತ್ತಿಗೆ ಆ ಮೂಲೆಯಲ್ಲಿ ಎಂಟು ಜನ ಎಡಗೈ ಗವಸು ತೊಟ್ಟು ಕೂತಿದ್ದರು.

ಎರಡನೇ ಪರೀಕ್ಷೆಯಲ್ಲಿ ಓಪಲ್‌ಗೆ ಐವತ್ತೆರಡು ಬಂತು. ಆದರೆ ಅವಳಿಗೆ ಅಂಕಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ ಕಾಡತೊಡಗಿತ್ತು. ತನಗಿದ್ದದ್ದು ಒಂದು ಪಾಠ. ಅದೊಂದೇ ತನ್ನ ಜೀವ ಹಿಂಡುತ್ತಿತ್ತು. ಈ ಹುಡುಗಿಗೆ ಅದರ ಮೇಲೆ ಭೌತಶಾಸ್ತ್ರ, ಅದರ ಮೇಲೆ ಜೀವಕೋಶದ ಪಾಠ, ಗಣಿತ, ಮೂರು ಪ್ರಯೋಗಶಾಲೆ. ಮೆಡಿಕಲ್ ಕಾಲೇಜಿನವರು ಮೆಚ್ಚಲಿ ಎಂದು ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಗಾಲಿಕುರ್ಚಿ ತಳ್ಳುವುದು. ಶನಿವಾರ ಭಾನುವಾರ ಹೆದ್ದಾರಿಯ ಹೋಟೆಲಿನಲ್ಲಿ ಬಿಸ್ಕಿಟ್ಟೆಂಬ ಮೆತ್ತನೆ ಬನ್ನು, ಗ್ರೇವಿ ಬಡಿಸುವುದು. ಬಿಡಿಯಾಗಿ ನೋಡಿದರೆ ಯಾವುದೂ ಹೊರಲಾರದ್ದಲ್ಲ. ಒಟ್ಟಿಗೆ ಹೇರಿದರೆ ಹೇಸರಗತ್ತೆಯೂ ಕೂತುಬಿಡುತ್ತದೆ.

"ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ ನೀನು?"

"ಹೇಳಿದ್ವಲ್ಲ. ನೀವು ಸಿಂಕ್ ತೋರಿಸಿದ್ರಿ."

ಓಪಲ್‌ಗೆ ಆ ದಿನ ಸಾರು ಸೇರಲಿಲ್ಲ.

ಪ್ರಯೋಗಶಾಲೆ, ಪರೀಕ್ಷೆಗಳ ವೇಳಾಪಟ್ಟಿಯೆಲ್ಲ ಸಾಮಾನು ಕೋಣೆಯ ಗೋಡೆಯ ಮೇಲೆಯೇ ಇರುತ್ತಿತ್ತು. ನವೆಂಬರಿನ ಹಾಳೆಯನ್ನು ನೋಡಿದಳು. ಹನ್ನೊಂದನೇ ತಾರೀಖು ಆರ್ಗ್ಯಾನಿಕ್ ಮೂರನೇ ಪರೀಕ್ಷೆ. ಅದೇ ದಿನ ಭೌತಶಾಸ್ತ್ರ. ಪಾಠ ಹೇಳುವವರಿಬ್ಬರೂ ಒಂದೇ ಕಾರಿಡಾರಿನವರು, ಆದರೆ ಮಾತಿಲ್ಲ. ವಾಸ್ಲರ್ ಮತ್ತು ಭೌತಶಾಸ್ತ್ರದ ಪ್ರೊಫೆಸರ್ ಟ್ರೂಡಿ ಆಮ್ಸ್‌ಬರಿ ಹನ್ನೊಂದು ವರ್ಷದ ಹಿಂದೆ ಕಾರು ನಿಲ್ಲಿಸುವ ಜಾಗಕ್ಕಾಗಿ ಜಗಳವಾಡಿದ್ದರು.

ಇಬ್ಬರನ್ನೂ ಕೂಡಿಸಿ ಮಾತಾಡಿಸುವುದು ಸಜ್ಜನರ ದಾರಿ. ಓಪಲ್‌ಗೆ ಅದು ನಿಧಾನವೆನಿಸಿತು. ಸೋಮವಾರ ಬೆಳಿಗ್ಗೆ ಆಮ್ಸ್‌ಬರಿ ಕಾಫಿ ತುಂಬಿಕೊಳ್ಳುತ್ತಿದ್ದಾಗ ಪಕ್ಕಕ್ಕೆ ಹೋಗಿ ನಿಂತಳು.

"ಮೇಡಂ, ಡಾಕ್ಟರ್ ವಾಸ್ಲರ್ ಹುಡುಗರ ಮೇಲೆ ಕರುಣೆ ತೋರಿಸಿ ಪರೀಕ್ಷೆ ಒಂದು ವಾರ ಮುಂದೆ ಹಾಕಿದ್ದಾರಂತೆ. 'ಭೌತಶಾಸ್ತ್ರದೋರು ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ' ಅಂತಿದ್ರು."

"ಹಾಗಂದ್ನಾ ಅವನು?" ಆಮ್ಸ್‌ಬರಿಯ ಕಾಫಿ ತುಳುಕಿತು.

ಹತ್ತು ಗಂಟೆಗೆ ವಾಸ್ಲರ್ ಸಿಕ್ಕಿದರು. "ಸರ್, ಆಮ್ಸ್‌ಬರಿ ಮೇಡಂ ಪರೀಕ್ಷೆ ಮುಂದಕ್ಕೆ ಹಾಕಿದ್ರಂತೆ. ರಸಾಯನಶಾಸ್ತ್ರದೋರಿಗೆ ಎದೆ ಜಾಗದಲ್ಲಿ ಬ್ಯೂರೆಟ್ಟಿದೆ ಅಂತ ಹುಡುಗರು ಮಾತಾಡ್ಕೋತಿದ್ದಾರೆ."

ಇಬ್ಬರಲ್ಲಿ ಒಬ್ಬರಾದರೂ ಜಗ್ಗುತ್ತಾರೆ ಎಂಬುದು ಅವಳ ಲೆಕ್ಕ. ಇಬ್ಬರೂ ಜಗ್ಗುತ್ತಾರೆಂದು ಎಣಿಸಿರಲಿಲ್ಲ. ಸಂಜೆಯೊಳಗೆ ಎರಡು ಪ್ರಕಟಣೆ ಅಂಟಿದವು. ಹುಡುಗರ ಮೇಲಿನ ಕರುಣೆಯಿಂದ ಆರ್ಗ್ಯಾನಿಕ್ ಪರೀಕ್ಷೆ ಹದಿನೆಂಟಕ್ಕೆ. ಅದಕ್ಕಿಂತ ಹೆಚ್ಚಿನ ಕರುಣೆಯಿಂದ ಭೌತಶಾಸ್ತ್ರವೂ ಹದಿನೆಂಟಕ್ಕೆ. ಜೀವಕೋಶದ ಪರೀಕ್ಷೆ ಮೊದಲಿನಿಂದಲೂ ಹದಿನೆಂಟಕ್ಕೇ ಇತ್ತು.

ಮಂಗಳವಾರ ಬೆಳಿಗ್ಗೆ ಸಾಮಾನು ಕೋಣೆಯ ಮುಂದೆ ಮೂವತ್ತೇಳು ಜನ ನಿಂತಿದ್ದರು. ಬೀಕರು ಯಾರಿಗೂ ಬೇಕಿರಲಿಲ್ಲ.

"ಮಿಸ್ ಓಪಲ್," ಎಂದಳು ಕೆಜಾಯಾ, ಬಸ್ಸಿನ ಗಂಟಲನ್ನು ಆದಷ್ಟು ತಗ್ಗಿಸಿ, "ಎರಡು ಕಲ್ಲು ಬೀಳ್ತಿದ್ವು. ಈಗ ಮೂರು ಮಾಡಿದ್ರಲ್ಲ! ಯಾರು ಹೇಳಿದ್ರು ನಿಮಗೆ ಸಹಾಯ ಮಾಡಿ ಅಂತ?"

ಓಪಲ್ ಹ್ಯಾಚರ್ ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟಳು. ಬಳಿಕ ಏಪ್ರನ್ ಬಿಚ್ಚಿಟ್ಟು ಹೊರಟಳು. ಮೊದಲು ವಾಸ್ಲರ್ ಕೋಣೆಗೆ, ಆಮೇಲೆ ಆಮ್ಸ್‌ಬರಿ ಕೋಣೆಗೆ ಹೋಗಿ ಇಬ್ಬರಿಗೂ ಹೇಳಿದ್ದು ಒಂದೇ ಮಾತು: "ಸಾಮಾನು ಕೋಣೇಲಿ ಆಸಿಡ್ ಚೆಲ್ಲಿದೆ, ಬೇಗ ಬನ್ನಿ." ಇಬ್ಬರೂ ಓಡಿಬಂದರು. ಒಳಗೆ ಬಂದಮೇಲೆ ಓಪಲ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಎಲ್ಲಿದೆ ಆಸಿಡ್ಡು?" ಎಂದರು ವಾಸ್ಲರ್.

"ನನ್ನ ಬಾಯಲ್ಲಿ. ನಿಮ್ಮಿಬ್ಬರಿಗೂ ಸುಳ್ಳು ಹೇಳಿದ್ದೀನಿ. ಕರುಣೆ ಗಿರುಣೆ ಯಾರೂ ತೋರಿಸಿರಲಿಲ್ಲ."

ಆಮ್ಸ್‌ಬರಿ ವಾಸ್ಲರ್ ಕಡೆ ತಿರುಗಿದರು. "ಹಾಗಾದ್ರೆ ನಾನು ಅಲ್ಲಾಡಲ್ಲ ಅಂತ ನೀನು ಅಂದಿಲ್ವಾ?"

"ಅಂದಿಲ್ಲ. ಅನ್ಕೊಂಡಿದ್ದೆ ಅಷ್ಟೆ."

ಹನ್ನೊಂದು ವರ್ಷದ ನಂತರ ಇದು ಅವರ ಮೊದಲ ಮಾತುಕತೆ. ಅದು ಕಾರಿನ ಜಾಗಕ್ಕೂ ಹೋಯಿತು, ಒಂದೆರಡು ಸಲ ಮೇಜೂ ಗುದ್ದಿಸಿಕೊಂಡಿತು. ಕೊನೆಗೆ ಇಬ್ಬರೂ ಓಪಲ್‌ಳ ಎತ್ತರದ ಸ್ಟೂಲುಗಳ ಮೇಲೆ ಕೂತು, ಗೋಡೆಯ ಹಾಳೆಯನ್ನು ಕಿತ್ತು ಮುಂದೆ ಹರಡಿಕೊಂಡರು. ಆರ್ಗ್ಯಾನಿಕ್ ಹದಿಮೂರಕ್ಕೆ ಬಂತು, ಭೌತಶಾಸ್ತ್ರ ಇಪ್ಪತ್ತಕ್ಕೆ ಹೋಯಿತು.

ಹೊರಡುವಾಗ ವಾಸ್ಲರ್ ಬೆರಳೆತ್ತಿದರು. "ಈ ಕಿತಾಪತಿಗೆ ನಿನ್ನ ಅಂಕ ಕಡೀಬೇಕು ಓಪಲ್."

"ಕಡೀರಿ ಸರ್. ಕಡಿಯೋಕೆ ಅಲ್ಲೇನಿದೆ?"

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಕೆಜಾಯಾಳಿಗೆ ಬಿ ದರ್ಜೆ. ಓಪಲ್‌ಗೆ ಸಿ, ಅದೂ ವಾಸ್ಲರ್ ಕೊನೆಯ ಪ್ರಶ್ನೆಯಲ್ಲಿ ಅವಳ ಡೊಂಕು ಬಾಣವನ್ನು ಕತ್ತು ವಾರೆ ಮಾಡಿ ನೋಡಿದ ಮೇಲೆ. ಮನೆಯಲ್ಲಿ ಗಂಡ ಕ್ಲೀಟಸ್ ಆ ಕಾಗದವನ್ನು ಫ್ರಿಜ್ಜಿನ ಮೇಲೆ ಅಂಟಿಸಿ, ಬಂದವರಿಗೆಲ್ಲ "ನಮ್ಮವಳು ಅರ್ಧ ಡಾಕ್ಟರು, ಎಲ್ಲಿ ನೋಯ್ತಿದೆ ಹೇಳಿ" ಎನ್ನತೊಡಗಿದ. ಅವಳು ಬೇಡವೆಂದು ಗದರಿಸಿದಳೇ ಹೊರತು ಕಾಗದ ಕೀಳಲಿಲ್ಲ.

ಕೆಜಾಯಾ ಡಾಕ್ಟರಾದಳೇ ಎಂದರೆ, ಆದಳು. ಆದರೆ ನೆಟ್ಟಗೆ ಆಗಲಿಲ್ಲ. ಪದವಿ ಮುಗಿದ ವರ್ಷ ಅರ್ಜಿ ಹಾಕಿದ ಒಂಬತ್ತು ಕಾಲೇಜುಗಳೂ ಒಲ್ಲೆವೆಂದವು. ವರ್ಷವಿಡೀ ಆಂಬುಲೆನ್ಸಿನಲ್ಲಿ ಕೆಲಸ ಮಾಡಿ ಮರುವರ್ಷ ಮತ್ತೆ ಹಾಕಿದಳು. ಆಗ ರಾಜ್ಯದ ಒಳಗೇ ಒಂದು ಕಡೆ ಕರೆದರು.

ಓಪಲ್ ಮಾತ್ರ, ಸಿ ಸಿಕ್ಕ ಉತ್ಸಾಹದಲ್ಲಿ, ಹೊಸ ವರ್ಷ ಹುಟ್ಟುತ್ತಿದ್ದಂತೆ ಆರ್ಗ್ಯಾನಿಕ್ ಎರಡನೇ ಭಾಗಕ್ಕೂ ಹೆಸರು ಕೊಟ್ಟಳು. ಅದು ಮೊದಲನೆಯದರ ಅಪ್ಪ. ಆರು ವಾರ ಗುದ್ದಾಡಿ, ಒಂದು ಪರೀಕ್ಷೆಯಲ್ಲಿ ಹತ್ತೊಂಬತ್ತು ಪಡೆದು, ಪಾಠ ಬಿಡಲು ಅವಕಾಶವಿದ್ದ ಕೊನೆಯ ದಿನ ಕಚೇರಿಯ ಸಾಲಿನಲ್ಲಿ ಹುಡುಗರ ನಡುವೆ ನಿಂತಳು. ಅರ್ಜಿಯಲ್ಲಿ 'ಕಾರಣ' ಎಂದೊಂದು ಖಾಲಿ ಜಾಗವಿತ್ತು. ಮುಂದಿದ್ದವನು ಕುಟುಂಬದ ತೊಂದರೆ ಎಂದು ಬರೆಯುತ್ತಿದ್ದ. ಹಿಂದಿದ್ದವಳು ಆರೋಗ್ಯ ಎಂದು ಬರೆದಿದ್ದಳು. ಓಪಲ್ ದೊಡ್ಡ ಅಕ್ಷರದಲ್ಲಿ "ಬಹಳ ಕಷ್ಟ" ಎಂದು ಬರೆದು ಒಳಕ್ಕೆ ತಳ್ಳಿದಳು.

ಗುಮಾಸ್ತೆ ಅದನ್ನು ಓದಿ, ಕನ್ನಡಕದ ಮೇಲಿಂದ ನೋಡಿದಳು.

"ಹೀಗೆಲ್ಲ ಬರೆಯೋ ಹಾಗಿಲ್ಲ ಕಣಮ್ಮ. ಏನಾದ್ರೂ ಸರಿಯಾದ ಕಾರಣ ಕೊಡಿ."

"ಇದಕ್ಕಿಂತ ಸರಿಯಾದ್ದು ಇನ್ನೊಂದಿಲ್ಲ ತಾಯಿ," ಎಂದಳು ಓಪಲ್. "ಬೇಕಿದ್ರೆ ಬಾಣ ಎಳೆದು ತೋರಿಸ್ತೀನಿ."

ಸಾಲು ಪೂರ್ತಿ ನಕ್ಕಿತು. ಗುಮಾಸ್ತೆ ಮುದ್ರೆ ಒತ್ತಿದಳು.