ಚಿಕ್ಕವ್ವನ ಎಟಿಎಂ ಕಾರ್ಡು

ಚಿಕ್ಕವ್ವ, ಆ ಎಟಿಎಂ ಕಾರ್ಡನ್ನು ನೀನು ಕಳೆದುಕೊಳ್ಳಲಿಲ್ಲ. ಅದನ್ನು ಅಡವಿಟ್ಟವಳು ನಾನು. ಆರು ವರ್ಷದಿಂದ ಈ ಮಾತು ಬಾಯಿತನಕ ಬಂದು ಹಿಂದಕ್ಕೆ ಹೋಗಿದೆ.

ನಾನಾಗ ತಾಂಡವಪುರದ ಹತ್ತಿರ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆಗಿದ್ದೆ. ಗೇಟಿನೆದುರು ಟೀ ಅಂಗಡಿಯವನು ಸಂಬಳದ ತನಕ ಸಾಲ ಕೊಡುತ್ತಿದ್ದ. ಐದು ಸಾವಿರ ಅಂದರೆ ಕೈಗೆ ನಾಲ್ಕೂವರೆ. ಹತ್ತು ದಿನಕ್ಕೆ ಐದು ಸಾವಿರ ವಾಪಸ್ಸು. ತಪ್ಪಿದರೆ ಪ್ರತಿ ಹತ್ತು ದಿನಕ್ಕೆ ಐನೂರು — ಅಸಲು ಹಾಗೇ ನಿಂತಿರುತ್ತದೆ. ನಂಬಿಕೆಗೆ ನಮ್ಮ ಎಟಿಎಂ ಕಾರ್ಡು, ಪಿನ್ನು ಅವನ ಹತ್ತಿರ. ನಮ್ಮ ಲೈನಿನ ಹೆಂಗಸರ ಕಾರ್ಡೆಲ್ಲ ಅವನ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು.

ಮನೆ ಬಾಡಿಗೆಗೆಂದು ತೆಗೆದುಕೊಂಡೆ. ಅಸಲು ಒಟ್ಟಿಗೆ ಕೊಡಲಾಗದೆ ಮೂರು ತಿಂಗಳು ಬರೀ ಬಡ್ಡಿ ಕಟ್ಟಿದೆ. ಸಾಲವಾಗಿ ಕೈಗೆ ಬಂದ ನಾಲ್ಕೂವರೆ ಸಾವಿರದಷ್ಟೂ ಬಡ್ಡಿಗೇ ಹೋಯಿತು. ನಾಲ್ಕನೇ ತಿಂಗಳು ಫ್ಯಾಕ್ಟರಿ ಸಂಬಳವೇ ತಡವಾಯಿತು.

"ಕಾಸಿಲ್ದಿರೋ ಕಾರ್ಡ್ ಮಡಿಕಂಡು ನಾನೇನ್ ಮಾಡ್ಲವ್ವ? ಬ್ಯಾರೆದಿದ್ರೆ ತತ್ತಾ" ಅಂದ ಟೀ ಅಂಗಡಿಯವನು.

ಬ್ಯಾಗಿನಲ್ಲಿ ನಿನ್ನದಿತ್ತು. ಹಿಂದಿನ ಭಾನುವಾರ ನಾನು ನಿನ್ನೂರು ಸೋಸಲೆಗೆ ಬಂದಾಗ, ಶಾಲೆಯ ಬಿಸಿಯೂಟದ ಅಡುಗೆಯ ಸಂಬಳ ತೆಗೆದುಕೊಂಡು ಬಾ ಎಂದು ನೀನೇ ಕೊಟ್ಟಿದ್ದೆ. ಅದನ್ನೇ ತೆಗೆದು ಕೊಟ್ಟೆ. ಸುಮ್ಮನೆ ಇಟ್ಟುಕೊಂಡಿರುತ್ತಾನೆ ಅಂದುಕೊಂಡೆ — ಅಂದುಕೊಂಡೆನೇ? ಪಿನ್ನನ್ನೂ ಹೇಳಿದ್ದೆನಲ್ಲ. ಅವತ್ತು ಸಂಜೆಯೇ ನಿನ್ನ ಎರಡು ತಿಂಗಳ ಸಂಬಳ ಹೋಯಿತು.

ಮುಂದಿನ ವಾರ ನೀನು ಕಾರ್ಡು ಕೇಳಿದೆ.

"ನೀನು ನಂಗ್ ಕೊಡ್ಲೇ ಇಲ್ವಲ್ಲ ಚಿಕ್ಕವ್ವ" ಅಂದುಬಿಟ್ಟೆ.

"ನಿನ್ ಕೈಗೇ ಕೊಟ್ನಲ್ಲವ್ವ..." ಅಂದೆ ನೀನು. ನನ್ನ ಮುಖ ನೋಡಿದೆ. "ಇಲ್ವಾ? ನಂಗೇ ಮರವು ಬಂದದೇನೋ."

ಚೀಟಿಯಿಲ್ಲದೆ ನೂರಿಪ್ಪತ್ತು ಮಕ್ಕಳಿಗೆ ಅಕ್ಕಿ, ಬೇಳೆ ಅಳೆಯುತ್ತಿದ್ದವಳು ನೀನು. ಆಮೇಲೆ ಸಾರಿಗೆ ಉಪ್ಪು ಹಾಕಿದೆನಾ ಎಂದು ಪಕ್ಕದವಳನ್ನು ಕೇಳತೊಡಗಿದೆ. ವರ್ಷ ತುಂಬುವುದರೊಳಗೆ, "ಮಕ್ಳು ಉಣ್ಣೋ ಅನ್ನ, ಎಚ್ಚುಕಮ್ಮಿ ಆದ್ರೆ?" ಎಂದು ಕೆಲಸವನ್ನೇ ಬಿಟ್ಟೆ. ಇವತ್ತಿಗೂ ಗ್ಯಾಸ್ ಆರಿಸಿದ್ದೀರಾ ಎಂದು ಸೊಸೆ ಕೇಳಿದರೆ, ಎದ್ದು ಹೋಗಿ ಎರಡು ಸಲ ನೋಡಿ ಬರುತ್ತೀಯ.

ನಿನ್ನ ಆ ದುಡ್ಡನ್ನು ಸೀರೆ, ಔಷಧಿಯ ನೆವದಲ್ಲಿ ನಾನು ಎಂದೋ ತೀರಿಸಿದೆ. ತೀರಿತು ಎಂದು ನಿರಾಳವಾಗಿಯೂ ಇದ್ದೆ, ನಾಚಿಕೆಗೆಟ್ಟವಳು.

ನಾಳೆ ಭಾನುವಾರ. ತಿ. ನರಸೀಪುರದಲ್ಲಿ ಇಳಿದು ಸೋಸಲೆ ಬಸ್ಸು ಹತ್ತುತ್ತೇನೆ. ನಿನ್ನ ಸೊಸೆಯ ಎದುರಿಗೇ ಹೇಳುತ್ತೇನೆ. ನೀನು ಕೊಟ್ಟಿದ್ದೆ, ಚಿಕ್ಕವ್ವ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಿದ್ದೆ. ನಿನಗೆ ಎಲ್ಲ ಸರಿಯಾಗಿಯೇ ನೆನಪಿತ್ತು.