ವ್ಯಾನಿನಲ್ಲಿ ಆಡಿದ ಒಂದು ಮಾತು

ತೊಂಬತ್ತರ ದಶಕದ ನಡುವಿನಲ್ಲಿ ನಾನೊಂದು ವ್ಯಾನಿನಲ್ಲಿ ಕೆಲಸ ಮಾಡುತ್ತಿದ್ದೆ. ಅಮೆರಿಕದ ಷಾರ್ಲೆಟ್‌ನಿಂದ ಎರಡು ಗಂಟೆ ದೂರದ ಹಳ್ಳಿಗಳಿಗೆ ತಿಂಗಳಿಗೊಮ್ಮೆ ಹೋಗಿ, ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ನಿಂತು, ಹೆಂಗಸರನ್ನು ಪರೀಕ್ಷಿಸುವ ವ್ಯಾನು. ಪರೀಕ್ಷಿಸುವವಳು ನರ್ಸ್. ಹುಬ್ಬಳ್ಳಿಯಲ್ಲಿ ಡಾಕ್ಟರಾಗಿ ನೂರಾರು ಹೆರಿಗೆ ಮಾಡಿಸಿದ್ದ ನಾನು ಅಲ್ಲಿ ಬಿಪಿ ನೋಡಿ ಬರೆದಿಡುವ ಸಹಾಯಕಿ. ಬರೆದ ಅಂಕಿಯ ಅರ್ಥ ಹೇಳುವ ಅಧಿಕಾರ ನನಗಿರಲಿಲ್ಲ. "ಇಲ್ಲಿನ ಲೈಸೆನ್ಸ್ ಬರೂತನಕ ಡಾಕ್ಟರ್ ಅಂತ ಎಲ್ಲೂ ಬಾಯಿ ಬಿಡಬ್ಯಾಡ. ಒಬ್ರು ಕಂಪ್ಲೇಂಟ್ ಕೊಟ್ರ ಮುಗೀತು," ಎಂದು ಗಂಡ ದಿನಾ ಬೆಳಿಗ್ಗೆ ಮಂತ್ರ ಹೇಳಿದಂತೆ ಹೇಳುತ್ತಿದ್ದರು. ಸಿಟ್ಟು ಬರುತ್ತಿತ್ತು, ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

ಒಂದು ಮಧ್ಯಾಹ್ನ ಎಂಟು ತಿಂಗಳ ಬಸುರಿಯೊಬ್ಬಳು ಬಂದಳು. ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸ. ಕಾಲು ಊದಿತ್ತು, ಮುಖವೂ. ಬಿಪಿ ನೂರ ಎಪ್ಪತ್ತು ದಾಟಿತ್ತು. ನಂಬದೆ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿದೆ. ಅದರಲ್ಲೂ ಅಷ್ಟೇ ಬಂತು. ತಲೆನೋವಿದೆಯೇ ಎಂದೆ. ಮೂರು ದಿನದಿಂದ ಇದೆ, ಕಣ್ಣ ಮುಂದೆ ಮಿಣುಕುಹುಳ ಹಾರಿದಂತಾಗುತ್ತದೆ ಎಂದಳು. ಇದೇ ಬಸುರಿನ ನಂಜು ಏರಿ, ಫಿಟ್ಸ್ ಬಂದು, ತಾಯಿ ಮಗು ಇಬ್ಬರೂ ಹೋದದ್ದನ್ನು ಹುಬ್ಬಳ್ಳಿಯ ವಾರ್ಡಿನಲ್ಲಿ ಕಂಡಿದ್ದೆ.

ನರ್ಸ್ ಪರದೆಯ ಆಚೆ ಇನ್ನೊಬ್ಬಳ ಪರೀಕ್ಷೆಯಲ್ಲಿದ್ದಳು. ಕರೆದರೆ "ಐದು ನಿಮಿಷ" ಎಂದಳು. ಹೊರಗೆ ಬಸುರಿಯ ಅಣ್ಣ ಪಿಕಪ್ ಟ್ರಕ್ಕಿನ ಹಾರ್ನ್ ಒತ್ತುತ್ತಿದ್ದ.

"ಶಿಫ್ಟಿಗೆ ಹೊತ್ತಾಯ್ತು," ಎಂದು ಆಕೆ ಎದ್ದಳು.

"ಹೋಗ್ಬೇಡಿ. ನೀವು ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

"ಯಾಕೆ? ನೀವೇನು ಡಾಕ್ಟರಾ?"

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. ಆಕೆಯ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು.

"ಹೌದು," ಎಂದೆ.

ಆಕೆ ಕೂತಳು.

ಆಂಬುಲೆನ್ಸ್ ಬಂದು ಕರೆದೊಯ್ದ ಮೇಲೆ, ಎಲ್ಲ ಕೇಳಿಸಿಕೊಂಡಿದ್ದ ನರ್ಸ್, "ಆ ಮಾತು ಇನ್ನೊಮ್ಮೆ ನಿನ್ನ ಬಾಯಿಂದ ಬಂದ್ರೆ ನಾನು ಆಫೀಸಿಗೆ ಹೇಳಲೇಬೇಕಾಗುತ್ತೆ," ಎಂದಳು. ಆಪರೇಷನ್ ಆಗಿ ತಾಯಿ, ಮಗು ಇಬ್ಬರೂ ಉಳಿದರೆಂದು ಎರಡು ದಿನದ ಮೇಲೆ ತಿಳಿಯಿತು. ಅತ್ತುಬಿಟ್ಟೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಯಲ್ಲಿ ಫೋನ್ ಹೊಡೆದುಕೊಂಡಾಗಲೆಲ್ಲ ಕೆಲಸ ಹೋಯಿತೆಂದೇ ಬೆಚ್ಚುತ್ತಿದ್ದೆ.

ಮುಂದಿನ ತಿಂಗಳು ಆ ಬಾಣಂತಿ ತನ್ನ ತಾಯಿಯನ್ನು ಕರೆತಂದಳು. ಅರವತ್ತು ದಾಟಿದ ಹೆಂಗಸು. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಹೋಗುತ್ತಿತ್ತು. ಕ್ಯಾನ್ಸರ್ ಇರಬಹುದೆಂದು ನನಗೆ ಭಯವಾಯಿತು. ಇದುವರೆಗೆ ಯಾರಿಗೂ ತೋರಿಸಿಕೊಳ್ಳದವಳು ನನಗೆ ತೋರಿಸಲು ಒಪ್ಪಿ ಬಂದಿದ್ದಳು.

"ಅಮ್ಮಾ, ಇವ್ರೇ ಆ ಡಾಕ್ಟರ್," ಎಂದಳು ಮಗಳು.

ನರ್ಸ್ ನನ್ನನ್ನೇ ನೋಡುತ್ತಿದ್ದಳು.

"ನಾನು ಡಾಕ್ಟರಲ್ಲ. ನರ್ಸ್ ಚೆನ್ನಾಗಿ ನೋಡ್ತಾರೆ," ಎಂದೆ.

ತಾಯಿ ಮಗಳ ಮುಖ ನೋಡಿದಳು. ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದಳು. ಕರೆದೆ, ನಿಲ್ಲಲಿಲ್ಲ. ಮರುತಿಂಗಳೂ ಬರಲಿಲ್ಲ. ಅದರ ಮುಂದಿನ ತಿಂಗಳು ಮಗಳೊಬ್ಬಳೇ ಬಂದು, ನಾನು ಪಟ್ಟಿ ಹಿಡಿದು ನಿಂತಿದ್ದರೂ ತೋಳು ಕೊಡದೆ, ನರ್ಸ್ ಬರುವವರೆಗೆ ಕಾದು ಕೂತಳು.