ಹಿಂದಿರುಗಿಸಿದ ಲಕೋಟೆ

ನ್ಯಾಯಾಲಯದ ದೊಡ್ಡ ಗೇಟಿನ ಎದುರಿಗೆ, ತಗಡಿನ ಮಾಡಿನ ಕೆಳಗೆ ಸಾಲಾಗಿ ಹಾಕಿದ ಏಳು ಮೇಜುಗಳಲ್ಲಿ ನಾಲ್ಕನೆಯದು ಅವರದು. ಮೇಲೆ ಒಂದು ಕಂಪ್ಯೂಟರು, ಕೆಳಗೆ ಪ್ರಿಂಟರು, ಎಡಗೈಯ ಡ್ರಾಯರಿನಲ್ಲಿ ಗುಂಡುಪಿನ್ನು, ಅಂಟು, ಸ್ಟಾಂಪ್ ಪ್ಯಾಡು. ಬಲಕ್ಕೆ ಜೆರಾಕ್ಸ್ ಅಂಗಡಿ. ಎಡಕ್ಕೆ ಎರಡು ಮೇಜು ದಾಟಿದರೆ ನೋಟರಿ. ಇಪ್ಪತ್ತಾರು ವರ್ಷಗಳಿಂದ ಅವರು ಅಲ್ಲಿ ಕುಳಿತು ಬೇರೆಯವರ ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರುಗಳನ್ನು ಬರೆದುಕೊಡುತ್ತಿದ್ದರು. ಕಾನೂನು ಕಾಲೇಜಿಗೆ ಎರಡು ವರ್ಷ ಹೋಗಿ ಮೂರನೆಯ ವರ್ಷಕ್ಕೆ ಕಾಲಿಡದೆ ಬಿಟ್ಟವರೆಂಬುದು ಎಲ್ಲರಿಗೂ ಗೊತ್ತಿದ್ದರಿಂದ, ಗೇಟಿನ ಸುತ್ತಮುತ್ತ ಅವರಿಗೆ ಮುಕ್ಕಾಲು ವಕೀಲರು ಎಂದು ಹೆಸರು ಬಿದ್ದಿತ್ತು. ಮೂರರಲ್ಲಿ ಎರಡು ಮುಕ್ಕಾಲು ಹೇಗಾಗುತ್ತದೆ ಎಂದು ಜೆರಾಕ್ಸಿನವನು ಆಗಾಗ ತಗಾದೆ ತೆಗೆಯುತ್ತಿದ್ದ. ಕೊರತೆಯಾದದ್ದಕ್ಕೆ ಗೇಟಿನ ಹೊರಗೆ ಕುಳಿತ ಕೃಪಾಂಕ ಸೇರಿಸಿದ್ದೇವೆ ಎಂದು ನೋಟರಿ ಸಮಾಧಾನ ಹೇಳುತ್ತಿದ್ದರು. ಹೆಸರು ಹೊತ್ತವರು ಅದನ್ನು ಎಂದೂ ಒಪ್ಪಿಕೊಳ್ಳಲಿಲ್ಲ, ಬೇಡವೆನ್ನಲೂ ಇಲ್ಲ.

ಕಾಗದ ಬರೆಸಲು ಬಂದವರು ಕಾಗದವನ್ನಷ್ಟೇ ತೆಗೆದುಕೊಂಡು ಹೋಗುವುದು ಅಪರೂಪ. ಕಪ್ಪು ಕೋಟು ಕಂಡರೆ ಅಂಜುವವರು ಈ ಮೇಜಿನ ಮುಂದೆ ಮನಸ್ಸು ಬಿಚ್ಚುತ್ತಿದ್ದರು. ನಾವು ಮನೆಯಲ್ಲಿಲ್ಲದಾಗ ಮಾಲೀಕ ಬೀಗ ಬದಲಾಯಿಸಬಹುದೇ ಎಂದು ಒಬ್ಬರು ಕೇಳಿದರೆ, ಕೋರ್ಟಿನ ಆದೇಶವಿಲ್ಲದೆ ಬಾಡಿಗೆಯವರನ್ನು ಬೀದಿಗೆ ಹಾಕುವಂತಿಲ್ಲ, ಮೊದಲು ಲಿಖಿತವಾಗಿ ದೂರು ಕೊಡಿ, ದೂರಿನ ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳದೆ ಠಾಣೆಯ ಮೆಟ್ಟಿಲು ಇಳಿಯಬೇಡಿ ಎನ್ನುತ್ತಿದ್ದರು. ಉಯಿಲಿಗೆ ಅಳಿಯನ ಸಾಕ್ಷಿ ಹಾಕಿಸಬಹುದೇ ಎಂದವರಿಗೆ, ಆಸ್ತಿ ಪಡೆಯುವವರನ್ನೂ ಅವರ ಗಂಡ ಹೆಂಡಿರನ್ನೂ ದೂರವಿಟ್ಟು ಹೊರಗಿನ ಇಬ್ಬರನ್ನು ಕರೆತನ್ನಿ ಎಂದು ಹೇಳುವರು. ಸಹಿಯ ಮೇಲೆ ಖಾಲಿ ಜಾಗ ಬಿಟ್ಟ ಕಾಗದ ಕಂಡರೆ ತಾವೇ ಪೆನ್ನು ತೆಗೆದು ಅಡ್ಡಗೆರೆ ಎಳೆಯುವರು. ಮೂಲ ದಾಖಲೆಯನ್ನು ಯಾರ ಕೈಗೂ ಕೊಡಬೇಡಿ ಎಂಬುದನ್ನು ಕೇಳಿದವರಿಗೂ ಕೇಳದವರಿಗೂ ಹೇಳುವರು. ಈ ಮಾತುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇರುತ್ತಿದ್ದವು. ಅದೇ ಮುಂದಿನ ತೊಂದರೆಗೆ ಕಾರಣವಾಯಿತೆನ್ನಬೇಕು; ಇಪ್ಪತ್ತಾರು ವರ್ಷ ಸರಿಯಾಗಿ ಹೇಳಿದ ನಾಲಿಗೆ ತಾನು ಓದಿ ತಿಳಿದದ್ದು ಯಾವುದು, ಕಿವಿಗೆ ಬಿದ್ದದ್ದು ಯಾವುದು ಎಂಬ ಭೇದವನ್ನೇ ಮರೆತಿತ್ತು.

ಅವರ ಅಕ್ಕನಿಗೆ ಎರಡು ಬೀದಿಯಾಚೆ ಒಂದು ಹೊಲಿಗೆ ಅಂಗಡಿ. ಬಾಡಿಗೆಯ ಜಾಗ, ಹತ್ತಡಿ ಉದ್ದ, ಏಳಡಿ ಅಗಲ. ಭಾವ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ಅಕ್ಕ ಆ ಅಂಗಡಿಯಲ್ಲಿಯೇ ಶಾಲಾ ಸಮವಸ್ತ್ರ ಹೊಲಿದು, ಹರಿದ ಜಿಪ್ಪು ಬದಲಿಸಿ, ದಪ್ಪಗಾದವರ ಬಟ್ಟೆ ಬಿಡಿಸಿ, ತೆಳ್ಳಗಾದವರದ್ದು ಹಿಡಿಸಿ, ಮಗಳನ್ನು ಓದಿಸಿ ಮದುವೆ ಮಾಡಿದ್ದಳು. ಗಿರಾಕಿಗಳು ಯಾವುದಾದರೂ ತಂಟೆ ತಕರಾರಿನ ಸುದ್ದಿ ಎತ್ತಿದರೆ, ಬಾಯಲ್ಲಿ ಕಚ್ಚಿಕೊಂಡ ಪಿನ್ನು ತೆಗೆದು, ನನ್ನ ತಮ್ಮ ಕೋರ್ಟಿನಲ್ಲಿದ್ದಾನೆ, ಅವನನ್ನು ಕೇಳೋಣ ಎನ್ನುವುದು ಅವಳ ವಾಡಿಕೆ. ಗೇಟಿನ ಹೊರಗೆ ಇದ್ದಾನೆ ಎಂದು ಅವಳು ಎಂದೂ ಹೇಳಿದವಳಲ್ಲ.

ಮಾರ್ಚಿ ತಿಂಗಳ ಎರಡನೆಯ ಮಂಗಳವಾರ, ಬೆಳಗಿನ ಹನ್ನೊಂದೂವರೆಗೆ, ಅಕ್ಕನ ಫೋನು ಬಂತು. ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ, ಕೋರ್ಟಿನ ಮೊಹರಿರುವ ರಿಜಿಸ್ಟರ್ ಲಕೋಟೆ, ಸಹಿ ಹಾಕಿ ತೆಗೆದುಕೊಳ್ಳಬೇಕಂತೆ, ಏನು ಮಾಡಲಿ ಎಂದು ಕೇಳಿದಳು. ಅಂಗಡಿಯ ಮಾಲೀಕ ಜಾಗ ಬಿಡಿಸಲು ಹವಣಿಸುತ್ತಿರುವುದು ಇಬ್ಬರಿಗೂ ಗೊತ್ತಿತ್ತು. ಆ ಹೊತ್ತಿಗೆ ಮೇಜಿನ ಸುತ್ತ ಐದಾರು ಜನ ನಿಂತಿದ್ದರು. ನಿಂತವರಿಗೂ ಕೇಳಿಸಲಿ ಎಂದೇ ದನಿ ಏರಿಸಿ ಅವರು ಹೇಳಿದರು: "ತಗೋಬೇಡಕ್ಕ. ತಗೊಂಡ್ರೆ ತಾನೆ ಅದು ನೋಟಿಸು. ಬೇಡ ಅಂತ ವಾಪಸ್ ಕಳಿಸು, ಅಲೀಲಿ ಒಂದೆರಡು ವರ್ಷ."

ಸುತ್ತ ನಿಂತವರು ನಕ್ಕರು. ಒಬ್ಬಾತ ತಲೆದೂಗಿದ. ಹೇಳಿದವರಿಗೂ ಹಿತವೆನಿಸಿತು. ಫೋನಿನ ಆಚೆಯಿಂದ ಅಕ್ಕ ಅಂಚೆಯವರಿಗೆ, ಬೇಡವಂತೆ ಅಣ್ಣಾ, ನನ್ನ ತಮ್ಮ ಕೋರ್ಟಿನಲ್ಲಿದ್ದಾನೆ ಎನ್ನುವುದು ಕೇಳಿಸಿತು.

ಆ ಮಾತು ಅವರಿಗೆ ಬಂದದ್ದು ಹೀಗೆ. ಮೇಜು ಹಾಕಿದ ಹೊಸದರಲ್ಲಿ ಒಬ್ಬ ವ್ಯಾಪಾರಿಯ ಹೆಸರಿನ ಲಕೋಟೆ ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ಮತ್ತೆ ಮತ್ತೆ ಹಿಂದಿರುಗಿ ಬಂದು, ದಾವೆ ಎರಡು ವರ್ಷ ನಿಂತಲ್ಲೇ ನಿಂತದ್ದನ್ನು ಅವರು ಕಂಡಿದ್ದರು. ಬಾಗಿಲು ಹಾಕಿರುವುದು ಬೇರೆ, ಬಾಗಿಲಲ್ಲಿ ನಿಂತು ಬೇಡವೆನ್ನುವುದು ಬೇರೆ ಎಂದು ಅವರು ಯೋಚಿಸಲೇ ಇಲ್ಲ. ಮೂರನೆಯ ವರ್ಷದ ಪುಸ್ತಕದಲ್ಲಿ ಅದೊಂದು ಪುಟದ ವಿಷಯ.

ಜುಲೈ ಒಂಬತ್ತರಂದು ಮಾಲೀಕನ ಕಡೆಯವನೊಬ್ಬ ತೀರ್ಪಿನ ಪ್ರತಿಯನ್ನು ಅಕ್ಕನ ಹೊಲಿಗೆ ಯಂತ್ರದ ಮೇಲೆ ಇಟ್ಟು ಹೋದ. ಅಂಗಡಿಯನ್ನು ವರ್ಷದಿಂದ ಬಳಸದೆ ಮುಚ್ಚಿಟ್ಟಿದ್ದಾರೆ, ಆದ್ದರಿಂದ ಬಿಡಿಸಿಕೊಡಿ ಎಂಬುದು ದಾವೆ. ಪ್ರತಿವಾದಿ ಹಾಜರಾಗದೆ ಇದ್ದುದರಿಂದ ಏಕಪಕ್ಷೀಯ ತೀರ್ಪು. ಎರಡು ತಿಂಗಳೊಳಗೆ ಜಾಗ ತೆರವು ಮಾಡಬೇಕು. ಅಕ್ಕ ಅಂಗಡಿಯನ್ನು ಪಕ್ಕದ ಹೂವಿನವಳಿಗೆ ನೋಡಿಕೊಳ್ಳಲು ಹೇಳಿ, ಅಳತೆಯ ಟೇಪು ಕೊರಳಲ್ಲಿದ್ದಂತೆಯೇ ನಡೆದು ಬಂದಳು.

ಅವರು ನಾಲ್ಕು ಪುಟ ಓದಿದರು. ಎರಡನೆಯ ಪುಟದ ಮಧ್ಯದಲ್ಲಿ ಆ ಸಾಲಿತ್ತು: ಸಮನ್ಸನ್ನು ಪ್ರತಿವಾದಿಯು ನಿರಾಕರಿಸಿರುವುದಾಗಿ ಅಂಚೆಯ ಷರಾ ಇರುವುದರಿಂದ ಅದು ಜಾರಿಯಾಗಿದೆ ಎಂದು ಪರಿಗಣಿಸಲಾಗಿದೆ. ನೆಲ ಬಿರಿಯಬಾರದೇ ಎನ್ನಿಸಿತು. ನೆಲ ಸಿಮೆಂಟಿನದು, ಸುಮ್ಮನೆ ಇತ್ತು.

ಏನು ಬರೆದಿದ್ದಾರೆ ಎಂದು ಅಕ್ಕ ಕೇಳಿದಳು. ಅಂಚೆಯವನು ಏನೋ ಎಡವಟ್ಟು ಮಾಡಿದಂತಿದೆ, ನೋಡುತ್ತೇನೆ, ನೀನು ಹೋಗು ಎಂದರು. ಅಕ್ಕ ಟೇಪನ್ನು ಸುತ್ತಿ ಕೈಯಲ್ಲಿ ಹಿಡಿದು, ನೀನಿದ್ದೀಯಲ್ಲ ಎಂದು ಹೊರಟುಹೋದಳು. ಅಂಚೆಯವರು ಅದೇ ಬೀದಿಯಲ್ಲಿ ಮೂವತ್ತು ವರ್ಷದಿಂದ ಸೈಕಲ್ಲು ತುಳಿಯುತ್ತಿದ್ದ, ಯಾರ ತಂಟೆಗೂ ಹೋಗದ ಮನುಷ್ಯ. ಮೊದಲ ತಪ್ಪು ತಿಳಿಯದೆ ಆದದ್ದು ಎನ್ನಬಹುದಿತ್ತು. ಈ ಎರಡನೆಯದಕ್ಕೆ ಆ ನೆಪವೂ ಇರಲಿಲ್ಲ.

ಮಾರನೆಯ ದಿನ ಅವರು ಗೇಟು ದಾಟಿ ವಕೀಲರ ಕೋಣೆಗಳತ್ತ ಹೋದರು. ಅವರೊಂದಿಗೆ ಎರಡು ವರ್ಷ ಓದಿದ ಸಹಪಾಠಿಯೊಬ್ಬರು ಅಲ್ಲಿ ವಕೀಲೆ. ಎದುರಾದಾಗ ನಗುವಷ್ಟು ಪರಿಚಯ ಉಳಿದಿತ್ತು. ಆಕೆ ತೀರ್ಪಿನ ತಾರೀಖು ನೋಡಿ ಬೆರಳು ಮಡಿಸಿದರು. ತೀರ್ಪಾಗಿ ಇಪ್ಪತ್ತೆರಡು ದಿನ ಕಳೆದಿದೆ, ಮೂವತ್ತರೊಳಗೆ ರದ್ದತಿಗೆ ಅರ್ಜಿ ಹಾಕಬೇಕು, ಹಾಜರಾಗದೆ ಇದ್ದುದಕ್ಕೆ ತಕ್ಕ ಕಾರಣವನ್ನು ಪ್ರಮಾಣ ಮಾಡಿ ಹೇಳಬೇಕು ಎಂದರು. ಅವರು, ಅಕ್ಕ ಆ ವಾರ ಊರಲ್ಲಿರಲಿಲ್ಲ ಎಂದು ಬರೆದರಾಗದೇ ಎಂದು ಕೇಳಿದರು. ಅಂಥ ಸಾಲುಗಳನ್ನು ಅವರು ಬೇರೆಯವರಿಗಾಗಿ ಎಷ್ಟೋ ಸಲ ಟೈಪು ಮಾಡಿದ್ದರು. ಅವು ನಿಜವೇ ಎಂದು ಯಾರನ್ನೂ ಕೇಳಿದವರಲ್ಲ.

"ಹಾಗೆ ಬರೆದ್ರೆ ನಿಮ್ಮಕ್ಕನ ಕೇಸನ್ನ ನೀವೇ ಮುಗಿಸಿದ ಹಾಗೆ," ಎಂದರು ವಕೀಲೆ. "ಅಂಗಡಿ ಮುಚ್ಚಿದೆ ಅಂತ ಮಾಲೀಕರ ವಾದ. ಅಂಚೆಯವರು ಅದೇ ಅಂಗಡೀಲಿ, ನಿಮ್ಮಕ್ಕ ತಾವೇ ನಿರಾಕರಿಸಿದ್ರು ಅಂತ ಬರೆದಿದ್ದಾರೆ. ಅಂದ್ರೆ ಅಂಗಡಿ ತೆರೆದಿತ್ತು. ನಮ್ಮ ಹತ್ರ ಇರೋ ಒಳ್ಳೆ ಸಾಕ್ಷಿ ಅದು. ಸುಳ್ಳು ಹೇಳಿದ್ರೆ ಅದೂ ಹೋಯ್ತು, ಸುಳ್ಳು ಪ್ರಮಾಣದ ಕೇಸು ಬೇರೆ. ಯಾಕೆ ನಿರಾಕರಿಸಿದ್ರು ಅನ್ನೋದನ್ನ ಇದ್ದ ಹಾಗೆ ಹೇಳಲಿ. ಯಾರಾದ್ರೂ ಹೇಳಿಕೊಟ್ಟರಾ?"

ಅವರು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ ಕುಳಿತರು. ವಕೀಲೆ ಅವರ ಕಡೆ ನೋಡದೆ ಫೈಲಿನ ದಾರ ಕಟ್ಟತೊಡಗಿದರು. ಹಾಗಿದ್ದರೆ ಹೇಳಿಕೊಟ್ಟವರದೂ ಒಂದು ಅಫಿಡವಿಟ್ಟು ಬೇಕಾಗುತ್ತದೆ, ಅವರು ಒಪ್ಪುವರೇ ಕೇಳಿ ನೋಡಿ ಎಂದು ಮೆಲ್ಲಗೆ ಹೇಳಿದರು. ಆ ಮರ್ಯಾದೆಗೆ ಅವರ ತಲೆ ಇನ್ನಷ್ಟು ತಗ್ಗಿತು.

ಸಂಜೆ ಅಕ್ಕನ ಅಂಗಡಿಗೆ ಹೋದಾಗ ಅವಳು ಒಂದು ನೀಲಿ ಲಂಗಕ್ಕೆ ಅಂಚು ಮಡಿಸುತ್ತಿದ್ದಳು. ಗಿರಾಕಿಯೊಬ್ಬಳು ಹೋಗುವ ತನಕ ಅವರು ಹಲಗೆಯ ಮೇಲೆ ಕುಳಿತು ಬಣ್ಣಬಣ್ಣದ ದಾರದ ಉಂಡೆಗಳನ್ನು ಎಣಿಸಿದರು. ಆಮೇಲೆ ಹೇಳಿದರು. ಅಂಚೆಯವರ ತಪ್ಪಿಲ್ಲ, ಬೇಡವೆಂದು ಹಿಂದಿರುಗಿಸಿದರೆ ಪಡೆದಂತೆಯೇ ಲೆಕ್ಕ, ಅದು ನನಗೆ ತಿಳಿದಿರಲಿಲ್ಲ, ತಿಳಿದಂತೆ ಹೇಳಿಬಿಟ್ಟೆ, ನಿನ್ನೆ ಅದನ್ನು ಮುಚ್ಚಿಟ್ಟೆ ಎಂದು ಒಂದಾದ ಮೇಲೆ ಒಂದಾಗಿ, ಬಿಟ್ಟುಹೋಗದಂತೆ ಹೇಳಿದರು.

ಯಂತ್ರದ ಸೂಜಿ ಅಂಚಿನ ಕೊನೆ ತಲುಪುವವರೆಗೂ ಅಕ್ಕ ನಿಲ್ಲಿಸಲಿಲ್ಲ. ದಾರ ಕತ್ತರಿಸಿ, ಲಂಗವನ್ನು ಮಡಿಸಿಟ್ಟಳು.

"ಗೊತ್ತಿಲ್ಲ ಅಂದಿದ್ರೆ ಸಾಕಿತ್ತಲ್ಲೋ," ಎಂದಳು. "ನಾನು ಇನ್ಯಾರನ್ನಾದ್ರೂ ಕೇಳ್ತಿದ್ದೆ."

ಅವಳು ಅತ್ತಿದ್ದರೆ, ಬೈದಿದ್ದರೆ, ಅವರಿಗೆ ಮಾಡಲು ಏನಾದರೂ ಇರುತ್ತಿತ್ತು. ಅವಳು ಎದ್ದು, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಏನು ಬರೆಯಬೇಕೋ ಬರಿ, ಓದಿ ಸಹಿ ಹಾಕುತ್ತೇನೆ ಎಂದಳು. ಇದುವರೆಗೆ ಅವಳು ತಮ್ಮನು ಕೊಟ್ಟ ಯಾವ ಕಾಗದವನ್ನೂ ಓದಿ ಸಹಿ ಹಾಕಿರಲಿಲ್ಲ.

ಅಕ್ಕನ ಅಫಿಡವಿಟ್ಟು ಅರ್ಧ ಗಂಟೆಯಲ್ಲಿ ಮುಗಿಯಿತು. ತಮ್ಮದಕ್ಕೆ ಒಂದಿಡೀ ಬೆಳಗು ಹಿಡಿಯಿತು. ನಾನು ಕಾನೂನು ಪದವೀಧರನಲ್ಲ ಎಂಬ ಸಾಲನ್ನು ಮೂರು ಸಲ ಅಳಿಸಿ ಮೂರು ಸಲ ಬರೆದರು. ವಕೀಲಿಕೆಯ ಅರ್ಹತೆಯಿಲ್ಲದ ನಾನು ಸದರಿ ಸಲಹೆಯನ್ನು ನೀಡಿದ್ದು, ಪ್ರತಿವಾದಿಯು ನನ್ನ ಮಾತನ್ನು ನಂಬಿ ಸಮನ್ಸನ್ನು ನಿರಾಕರಿಸಿರುತ್ತಾರೆ. ಎರಡು ಪ್ರತಿ ಬೇಕಿದ್ದವು. ಜೆರಾಕ್ಸಿನವನು ಎಂದಿನಂತೆ ಕಾಗದ ಗಾಜಿನ ಮೇಲೆ ಇಡುವ ಮುನ್ನ ಒಮ್ಮೆ ಕಣ್ಣಾಡಿಸಿದ. ಮುಕ್ಕಾಲು ವಕೀಲರ ವಿಷಯದಲ್ಲಿ ಯಾವಾಗಲೂ ತಮಾಷೆ ಸಿದ್ಧವಾಗಿಟ್ಟುಕೊಂಡಿರುತ್ತಿದ್ದವನು ಆ ದಿನ ಪ್ರತಿಗಳನ್ನು ಮಡಿಸಿ ಕೈಗಿತ್ತು, ಬೇರೆ ಕಡೆ ನೋಡಿದ.

ಅಫಿಡವಿಟ್ಟನ್ನು ಸಹಿ ಮಾಡುವವರಿಗೆ ಗಟ್ಟಿಯಾಗಿ ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿದ ಮೇಲೆಯೇ ಮೊಹರು ಹಾಕುವುದು ಅಲ್ಲಿಯ ನೋಟರಿಯ ಪದ್ಧತಿ. ಕಿವಿ ಮಂದವಾದ ಆ ಮುದುಕರ ದನಿ ಏಳು ಮೇಜಿಗೂ ಕೇಳುವಷ್ಟು ದೊಡ್ಡದು. ತಾವು ಕರೆತಂದವರ ಪಕ್ಕದಲ್ಲಿ ನಿಂತು ಆ ಓದನ್ನು ಸಾವಿರ ಸಲ ಕೇಳಿಸಿಕೊಂಡಿದ್ದ ಅವರು, ಈ ಸಲ ಎದುರಿಗೆ ನಿಂತರು. ಓದು ಬೇಡ, ನಾನೇ ಬರೆದದ್ದು ಎನ್ನಬಹುದಿತ್ತು. ಎನ್ನಲಿಲ್ಲ. ಅರ್ಜಿಗಾಗಿ ಸಾಲಿನಲ್ಲಿ ನಿಂತವರು, ಮೂರನೆಯ ಮೇಜಿನಲ್ಲಿ ಮುದ್ರಾಂಕ ಮಾರುವವಳು, ಗೇಟಿನ ಪೇದೆ, ಎಲ್ಲರೂ ಕೇಳಿದರು. ನಿಮಗೆ ಅರ್ಥವಾಯಿತೇ ಎಂದು ನೋಟರಿ ಕೇಳಿದಾಗ, ಅರ್ಥವಾಯಿತು ಎಂದರು. ಮುದುಕರಿಗೆ ಕೇಳಿಸದೆ, ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು.

ಅರ್ಜಿ ಇಪ್ಪತ್ತೆಂಟನೆಯ ದಿನ ದಾಖಲಾಯಿತು. ಆಗಸ್ಟ್ ಮೊದಲ ವಾರದಲ್ಲಿ ವಿಚಾರಣೆಗೆ ಬಂತು. ಎದುರು ಪಕ್ಷದ ವಕೀಲರು, ಗೇಟಿನ ಹೊರಗಿನವರ ಮಾತು ಕೇಳಿದವರಿಗೆಲ್ಲ ತೀರ್ಪು ರದ್ದಾಗುವುದಾದರೆ ಒಳಗೆ ನಾವೇಕೆ ಕೂರಬೇಕು ಎಂದು ಕೇಳಿದರು. ಕೋಣೆಯಲ್ಲಿ ಸಣ್ಣ ನಗೆ ಹರಿಯಿತು. ನ್ಯಾಯಾಧೀಶರು ನಗಲಿಲ್ಲ. ಅಂಚೆಯ ಷರಾವನ್ನು ಎರಡು ಬಾರಿ ಓದಿ, ಮುಚ್ಚಿದ ಅಂಗಡಿಯಲ್ಲಿ ಲಕೋಟೆಯನ್ನು ನಿರಾಕರಿಸಿದವರು ಯಾರು ಎಂದು ಮಾಲೀಕನ ವಕೀಲರನ್ನೇ ಕೇಳಿದರು. ಆಮೇಲೆ ಕನ್ನಡಕ ತೆಗೆದು, ಅಕ್ಕನ ಪಕ್ಕದಲ್ಲಿ ನಿಂತಿದ್ದ ತಮ್ಮನತ್ತ ತಿರುಗಿದರು.

"ಎಷ್ಟು ವರ್ಷದಿಂದ ಬರೀತಿದ್ದೀರಿ?"

"ಇಪ್ಪತ್ತಾರು, ಸ್ವಾಮಿ."

"ಈ ಸಲಹೆ ಇನ್ನೆಷ್ಟು ಜನಕ್ಕೆ ಕೊಟ್ಟಿದ್ದೀರಿ?"

ಅವರು ಬಾಯಿ ತೆರೆದರು. ಬರೆದುಕೊಟ್ಟ ಪ್ರತಿಯೊಂದು ಕಾಗದದ ನಕಲೂ ಅವರ ಮನೆಯ ಬೀರುವಿನಲ್ಲಿ ತಾರೀಖಿನ ಪ್ರಕಾರ ಇತ್ತು. ಆಡಿದ ಮಾತಿಗೆ ಅಂಥ ಬೀರು ಇರಲಿಲ್ಲ. ಬಿಸ್ಕತ್ತಿನ ಏಜೆಂಟನೊಬ್ಬ ನೆನಪಾದ. ಮನೆಯ ಮೇಲ್ಮಹಡಿಯ ತಕರಾರಿನ ದಂಪತಿ ನೆನಪಾದರು. ಧನ್ಯವಾದ ಹೇಳಿ ಹೋದ, ಆಮೇಲೆ ಮೇಜಿನ ಬಳಿ ಸುಳಿಯದ ಒಬ್ಬ ನಿವೃತ್ತ ಮೇಷ್ಟ್ರು ನೆನಪಾದರು. ಆ ದಾವೆಗಳು ಏನಾದವೆಂದು ಅವರು ವಿಚಾರಿಸಿರಲಿಲ್ಲ. ತಿರುಗಿ ಬಾರದವರ ಕೆಲಸವಾಗಿದೆ ಎಂದೇ ಅಷ್ಟು ವರ್ಷ ತಿಳಿದಿದ್ದರು.

ನ್ಯಾಯಾಧೀಶರು ಮತ್ತೆ ಕನ್ನಡಕ ಹಾಕಿಕೊಂಡು ಆದೇಶ ಹೇಳಿ ಬರೆಸಿದರು. ಎದುರು ಪಕ್ಷದ ಖರ್ಚು ಕೊಡುವ ಷರತ್ತಿನ ಮೇಲೆ ಏಕಪಕ್ಷೀಯ ತೀರ್ಪು ರದ್ದು. ದಾವೆ ಮತ್ತೆ ಮೊದಲಿನಿಂದ ನಡೆಯತಕ್ಕದ್ದು. ಅಲ್ಲಿಯವರೆಗೆ ಅಂಗಡಿ ಪ್ರತಿವಾದಿಯ ಬಳಿಯೇ ಇರತಕ್ಕದ್ದು.

ಹೊರಗಿನ ಮೆಟ್ಟಿಲಿನ ಮೇಲೆ ಅಕ್ಕ ಒಂದು ಕ್ಷಣ ಕಂಬ ಹಿಡಿದು ನಿಂತಳು. ಮುಖದಲ್ಲಿ ರಕ್ತ ಮರಳಿ ಬಂದಿತ್ತು. ಅವಳ ಚೀಲ ತಮ್ಮನ ಕೈಯಲ್ಲಿತ್ತು. ಬೆಳಗಿನಿಂದ ಅವರೇ ಹಿಡಿದುಕೊಂಡಿದ್ದರು, ಅವಳು ಬೇಡವೆಂದಿರಲಿಲ್ಲ. ವಕೀಲೆ ಮುಂದಿನ ತಾರೀಖನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅಕ್ಕ ತಮ್ಮನನ್ನು ದಾಟಿ ಎರಡು ಮೆಟ್ಟಿಲು ಇಳಿದು ಆಕೆಯ ಪಕ್ಕಕ್ಕೆ ಹೋದಳು.

"ಮೇಡಂ, ಮುಂದಿನ ತಾರೀಖಿಗೆ ನಾನೇ ಬರಬೇಕಾ, ನೀವು ಬಂದ್ರೆ ಸಾಕಾ?"

ಅದಕ್ಕೆ ಉತ್ತರ ತಮ್ಮನಿಗೆ ಗೊತ್ತಿತ್ತು. ಆ ಪ್ರಶ್ನೆಗೆ ಅವರು ದಿನಕ್ಕೆ ಹತ್ತು ಸಲ ಉತ್ತರ ಹೇಳುತ್ತಿದ್ದರು, ಸರಿಯಾಗಿಯೇ ಹೇಳುತ್ತಿದ್ದರು. ಅವರು ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿ, ಮೇಲಿನ ಮೆಟ್ಟಿಲಿನಲ್ಲಿ ನಿಂತು, ವಕೀಲೆ ಹೇಳುವುದನ್ನು ಅಕ್ಕನ ಹಿಂದಿನಿಂದ ಕೇಳಿಸಿಕೊಂಡರು.